ಮುನ್ಷಿ ಸಾಬರ ಫಾರಸಿಯಲ್ಲಿ ಶೀರಾಜಿಗೆ

ಚನ್ನಪಟ್ಟಣ

ಫಾರಸಿ ದೇಶಕ್ಕೆ ಹೋಗಿಬಂದ ಮೇಲೆ ನಮ್ಮೂರಿನವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ, ಅಲ್ಲಿ ರಾಗಿ ಸಿಗುತ್ತದೆಯೇ ಎಂಬುದು. ಸಿಗುವುದಿಲ್ಲ. ಎರಡನೆಯ ಪ್ರಶ್ನೆ, ಹಾಗಾದರೆ ಅಲ್ಲಿನ ಜನ ಬದುಕುವುದು ಹೇಗೆ ಎಂಬುದು. ಚೆನ್ನಾಗಿಯೇ ಬದುಕುತ್ತಾರೆ, ನಮಗಿಂತ ದಪ್ಪಗಿದ್ದಾರೆ ಎಂದರೆ ಯಾರೂ ನಂಬಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ಕಾಗದ ಬರೆದುಕೊಂಡಿದ್ದ ಗುಮಾಸ್ತನೊಬ್ಬ ಸಮುದ್ರ ದಾಟಿ ಶೀರಾಜಿಗೆ ಯಾಕೆ ಹೋದ ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ಹೋದದ್ದು ನನ್ನ ಸೋದರಮಾವ ರುದ್ರಪ್ಪನವರಿಗಾಗಿ. ಅವರು ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವವರು. ಚನ್ನಪಟ್ಟಣದಿಂದ ದೊಡ್ಡಮಳೂರಿಗೆ ಹೋಗುವ ರಸ್ತೆಯಲ್ಲಿ ಅವರ ಕುಲುಮೆ. ಕಾಯಿಸಿದ ಸರಳನ್ನು ಉಕ್ಕಿನ ಹಲಗೆಯ ದೊಡ್ಡ ತೂತಿನಲ್ಲಿ ತೂರಿಸಿ ಎಳೆಯುವುದು, ಆಮೇಲೆ ಅದಕ್ಕಿಂತ ಸಣ್ಣ ತೂತಿನಲ್ಲಿ, ಆಮೇಲೆ ಇನ್ನೂ ಸಣ್ಣದರಲ್ಲಿ, ಹೀಗೆ ಕೂದಲೆಳೆಯಷ್ಟಾಗುವ ತನಕ. ನಮ್ಮೂರಿನ ತಂತಿಯನ್ನು ವೀಣೆಯವರು, ಸಿತಾರಿನವರು ದೂರದೂರದಿಂದ ತರಿಸಿಕೊಳ್ಳುತ್ತಿದ್ದ ಕಾಲವೊಂದಿತ್ತು. ಈಗ ಬೆಂಗಳೂರಿನ ಅಂಗಡಿಗಳಿಗೆ ಹಡಗಿನಲ್ಲಿ ಸೀಮೆ ತಂತಿ ಬಂದು ಬಿದ್ದಿದೆ. ಮಾವನ ಕುಲುಮೆಯಲ್ಲಿದ್ದ ನಾಲ್ಕು ಆಳುಗಳಲ್ಲಿ ಮೂವರು ರೇಷ್ಮೆಯ ಕೆಲಸಕ್ಕೆ ಹೋದರು, ನಾಲ್ಕನೆಯವನು ಸುಮ್ಮನೆ ಹೋದ.

ಹೀಗಿರುವಾಗ ಒಂದು ಕಾಗದ ಬಂತು. ಎರಡು ವರ್ಷದ ಹಿಂದೆ ಬೆಂಗಳೂರಿಗೆ ಕುದುರೆ ಮಾರಲು ಬಂದಿದ್ದ ಫಾರಸಿಯವನೊಬ್ಬ ಮಾವನಿಂದ ಒಂದು ಸುರುಳಿ ತಂತಿ ಕೊಂಡು ಹೋಗಿದ್ದ. ಅದನ್ನು ಅವನು ಶೀರಾಜಿನಲ್ಲಿ ಸಂತೂರ್ ಮಾಡುವ ಉಸ್ತಾದ್ ಯೂಸುಫ್ ಎಂಬಾತನಿಗೆ ಕೊಟ್ಟನಂತೆ. ಸಂತೂರ್ ಎಂದರೆ ಮರದ ಪೆಟ್ಟಿಗೆ, ಅದರ ಮೇಲೆ ಎಪ್ಪತ್ತೆರಡು ತಂತಿ, ಎರಡು ಕಡ್ಡಿಗಳಿಂದ ಬಡಿದು ನುಡಿಸುವುದು. ಎಪ್ಪತ್ತೆರಡು ಎಂದು ಕೇಳಿದಾಗ ಮಾವನ ಮುಖ ನೋಡಬೇಕಿತ್ತು. ಕಾಗದದ ಮುಕ್ಕಾಲು ಪಾಲು ಹೊಗಳಿಕೆ. ಉಳಿದ ಕಾಲು ಪಾಲಿನಲ್ಲಿ ಉಸ್ತಾದ್ ಬರೆದಿದ್ದ ವಿಷಯ ಇಷ್ಟೇ: ನಿಮ್ಮಲ್ಲಿರುವ ತಂತಿಯನ್ನೆಲ್ಲ ತನ್ನಿ, ನೋಡುತ್ತೇನೆ. ಮುಂದಿನ ನೌರೋಜ್, ಅಂದರೆ ನಮ್ಮ ಹೊಸ ವರ್ಷದ ಹಬ್ಬದ ಹದಿಮೂರು ದಿನ ನಾನು ಇಲ್ಲಿರುತ್ತೇನೆ. ಹದಿನಾಲ್ಕನೆಯ ಬೆಳಗ್ಗೆ ಇಸ್ಫಹಾನಿನ ಮಗನ ಮನೆಗೆ ಹೊರಟರೆ ಮತ್ತೆ ಈ ಕಡೆ ಬರುವವನಲ್ಲ.

"ಎಪ್ಪತ್ತೆಲ್ಡು ತಂತಿ ಕಣ್ಲಾ ಮರಿಯ," ಎಂದರು ಮಾವ. "ವರ್ಸಾ ವರ್ಸಾ ಬೇಕಾಯ್ತದೆ. ಅವ್ನೊಬ್ಬ ಒಪ್ಕಂಡ್ರೆ ಕುಲುಮೆ ಉಳೀತದೆ. ಇಲ್ದಿದ್ರೆ ಬರೋ ಗೌರಿ ಹಬ್ಬಕ್ಕೆ ಬೆಂಕಿ ಆರಿಸ್ಬುಟ್ಟು ಹಲಗೇನ ಗುಜರಿಗೆ ಹಾಕ್ತೀನಿ."

ಇನ್ನೂ ಒಂದು ಮಾತು ಸೇರಿಸಿದರು. ವ್ಯಾಪಾರ ಮುಖ ನೋಡಿ ಆಗಬೇಕು, ತಾನೇ ಹೋಗಬೇಕು, ಜೊತೆಗೆ ನಾನು ಬರಬೇಕು. ಯಾಕೆಂದರೆ ನಮ್ಮ ಕಚೇರಿಯ ಭಾಷೆಯೆಲ್ಲ ಅರ್ಧ ಫಾರಸಿಯೇ ಎಂದು ಒಂದು ಸಲ ನಾನು ಊಟದ ಮನೆಯಲ್ಲಿ ಜಂಬ ಕೊಚ್ಚಿಕೊಂಡಿದ್ದೆ. ಬಾಯಿ ಸುಮ್ಮನಿರಬೇಕಲ್ಲ.

ಫಾರಸಿ ಕಲಿಸುವುದಕ್ಕೆ ಕೂತವರು ಮುನ್ಷಿ ಹಯಾತ್ ಸಾಬರು. ಆ ಕಾಗದ ಓದಿ ಹೇಳಿದವರೂ ಅವರೇ. ಬಿಳಿ ಗಡ್ಡ, ಕಣ್ಣಿಗೆ ಹತ್ತಿರ ಹಿಡಿದ ಪುಸ್ತಕ, ತುಂಬ ಮೃದು ಮನುಷ್ಯ. ಫಾರಸಿ ದೇಶವನ್ನು ಅವರು ನೋಡಿರಲಿಲ್ಲ. ಬೆಂಗಳೂರನ್ನು ನೋಡಿದ್ದರು, ಇಷ್ಟವಾಗಿರಲಿಲ್ಲ. ಅವರ ಫಾರಸಿಯೆಲ್ಲ ಹಳೆಯ ನವಾಬರ ಫರ್ಮಾನುಗಳಿಂದ ಬಂದದ್ದು. ಸೈನ್ಯ ಸಮೇತ ನದಿ ದಾಟುವುದಕ್ಕೆ ಬೇಕಾದ ಮಾತು ಅವರಿಗೆ ಗೊತ್ತಿತ್ತು, ಮೂಲಂಗಿ ಕೊಳ್ಳುವುದಕ್ಕೆ ಬೇಕಾದದ್ದು ಗೊತ್ತಿರಲಿಲ್ಲ.

ಆದರೂ ಶ್ರದ್ಧೆಯಿಂದ ದಿನಕ್ಕೆ ಇಪ್ಪತ್ತು ಶಬ್ದ ಕಲಿಸಿದರು. ಆಬ್ ಎಂದರೆ ನೀರು, ನಾನ್ ಎಂದರೆ ರೊಟ್ಟಿ, ಅಸ್ಪ್ ಎಂದರೆ ಕುದುರೆ, ಫರ್ದಾ ಎಂದರೆ ನಾಳೆ, ಬೀರೂನ್ ಎಂದರೆ ಹೊರಗೆ. ಮಾವ ತಂತಿ ಎಳೆಯುತ್ತಲೇ ಬಾಯಿಪಾಠ ಮಾಡುತ್ತಿದ್ದರು. ಬಂದರು, ರಸ್ತೆ, ಬಜಾರು, ಸವಾರಿ, ತಯಾರು, ಖಾಲಿ ಇವೆಲ್ಲ ಬಂದಾಗ ಎಳೆಯುವುದನ್ನು ನಿಲ್ಲಿಸಿದರು.

"ಇದೇನು ಸಾಬ್ರೇ, ನಮ್ಮ ಮಾತ್ನೇ ಎತ್ಕಂಡೋಗವ್ರಲ್ಲ ಅವ್ರು?"

"ಎತ್ಕೊಂಡು ಹೋಗಿಲ್ಲ ರುದ್ರಪ್ಪ. ಕೊಟ್ಟಿದ್ದಾರೆ ನಮಗೆ."

"ಕೊಟ್ಟಿದ್ನ ವಾಪಸ್ ಕೇಳಾಕಿಲ್ಲ ತಾನೆ?"

ಮುನ್ಷಿ ಸಾಬರು ಇದನ್ನು ನಿಜವಾದ ಪ್ರಶ್ನೆ ಎಂದೇ ತಿಳಿದು, ಇಲ್ಲ, ಕೇಳುವುದಿಲ್ಲ ಎಂದು ಭರವಸೆ ಕೊಟ್ಟರು.

ತೊಡಕು ಬಂದದ್ದು ಎರಡನೆಯ ವಾರ. ಆ ದೇಶದಲ್ಲಿ ದಾರಿಹೋಕರನ್ನು ಎಲ್ಲರೂ ಮೊದಲು ಕೇಳುವ ಮಾತು ಇದು ಎಂದು ಮುನ್ಷಿ ಸಾಬರು ಹೇಳಿಕೊಟ್ಟರು: "ಕುಜಾ ಮೀರವೀದ್?" ಹಾಗೆಂದರೆ, ಎಲ್ಲಿಗೆ ಹೋಗುತ್ತೀರಿ? ಮಾವ ಎರಡು ಕಿವಿಯನ್ನೂ ಮುಚ್ಚಿಕೊಂಡರು. ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಕೆಟ್ಟಿತೆಂದೇ ನಮ್ಮ ಕಡೆ ಲೆಕ್ಕ. ತಿಳಿದವರು "ದೂರಾನಾ?" ಎನ್ನುತ್ತಾರೆ, ಬೇಕಾದರೆ ಅವರೇ ಊರು ಹೇಳುತ್ತಾರೆ. ಯಾರಾದರೂ ಬಾಯಿ ತಪ್ಪಿ ಎಲ್ಲಿಗೆ ಎಂದುಬಿಟ್ಟರೆ ಒಳಗೆ ಹೋಗಿ, ಕೂತು, ಒಂದು ಗುಟುಕು ನೀರು ಕುಡಿದು ಮತ್ತೆ ಹೊಸದಾಗಿ ಹೊರಡಬೇಕು. ಮಾವನಂಥವರಂತೂ ಇದರಲ್ಲಿ ಒಂದು ಕೂದಲಿನಷ್ಟೂ ಬಿಡುವವರಲ್ಲ.

"ಮಾವ, ಇದು ಬರೀ ಪಾಠ," ಎಂದೆ.

"ಪಾಠನಾದ್ರೂ ಆಗ್ಲಿ, ಏನಾದ್ರೂ ಆಗ್ಲಿ. ಆ ಮಾತು ನಂಗೆ ಬ್ಯಾಡ."

ಮಾವ ಎದ್ದು ಒಳಗೆ ಹೋಗಿ ನೀರು ಕುಡಿದು ಬಂದು ಕೂತರು. ನಮ್ಮೂರಿನ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವವನು ಎಲ್ಲಿಗೆ ಎಂದು ಕೇಳುತ್ತಾನಲ್ಲ, ಅದಕ್ಕಾಗಿ ನಾನು ಹಿಂದಿನ ದಿನವೇ ಹೋಗಿ ಟಿಕೆಟ್ ತಂದಿಡಬೇಕಾಯಿತು.

ಬುಶಹರ್ ಬಂದರು

ಮುಂಬಯಿಯಿಂದ ಹಡಗು. ಹಡಗಿನ ವಿಷಯ ನಾನು ಹೇಳುವುದಿಲ್ಲ. ಮಾವ ಹೇಳಬಹುದಿತ್ತು, ಆದರೆ ಅವರು ಅಷ್ಟೂ ದಿನ ಕಣ್ಣು ಮುಚ್ಚಿಕೊಂಡು ನನ್ನ ಅಜ್ಜಿಯನ್ನು ಕರೆಯುತ್ತಿದ್ದರು.

ದಡ ಕಂಡಾಗ ಪಕ್ಕದಲ್ಲಿದ್ದ ಫಾರಸಿಯವನು "ಬಂದರ್, ಬಂದರ್" ಎಂದ. ನನಗೆ ಆದ ಸಂತೋಷ ಹೇಳತೀರದು. ಇಡೀ ದೇಶವೇ ನಮ್ಮ ತಾಲ್ಲೂಕು ಕಚೇರಿಯ ಹಾಗೆ ಇರುತ್ತದೆ ಎಂದುಕೊಂಡೆ. ಒಂದು ವಿಷಯದಲ್ಲಿ ಹಾಗೇ ಇತ್ತು. ಇಳಿದ ತಕ್ಷಣ ನಮ್ಮನ್ನು ಕಾಯುವುದಕ್ಕೆ ಕೂರಿಸಿದರು.

ಮುಂಬಯಿ ಕಡೆಯಿಂದ ಬಂದವರಿಗೆಲ್ಲ ಪ್ಲೇಗು ಇದ್ದೀತೆಂದು ಅವರಿಗೆ ಭಯ. ದಡದ ಮೇಲಿನ ಉದ್ದನೆಯ ಕೊಟ್ಟಿಗೆಯಲ್ಲಿ ಹಲವು ದಿನ ಕೂಡಿಹಾಕಿದರು. ಬೆಳಗ್ಗೆ ಒಬ್ಬ ಬಂದು ಕಂಕುಳು ಒತ್ತಿ ನೋಡುತ್ತಿದ್ದ. ನಮಗೆ ಇದೇನೂ ಹೊಸದಲ್ಲ. ನಮ್ಮೂರಿಗೆ ಪ್ಲೇಗು ಬಂದ ವರ್ಷ ಇಲಿ ಬಿದ್ದ ಮರುದಿನವೇ ಎಲ್ಲರೂ ಮನೆಗೆ ಬೀಗ ಹಾಕಿ ಊರಾಚೆ ಹೊಲದಲ್ಲಿ ಗುಡಿಸಲು ಕಟ್ಟಿಕೊಂಡು ಕೂತಿದ್ದೆವು. ರುದ್ರಪ್ಪಮಾವನ ಹೆಂಡತಿ, ನಮ್ಮತ್ತೆ, ಆ ವರ್ಷವೇ ಹೋದರು. ಆದ್ದರಿಂದ ಮಾವ ಕಂಕುಳು ತೋರಿಸುವುದಕ್ಕೆ ತಕರಾರು ಮಾಡಲಿಲ್ಲ. ಅವರು ರೇಗಿದ್ದು ಸಾಮಾನಿಗೆ ಹಬೆ ಹಿಡಿಸಲು ಬಂದಾಗ.

ತಂತಿಯ ಸುರುಳಿಗಳನ್ನು ಮಾವ ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಮೇಲೆ ಕಂಬಳಿ ಕಟ್ಟಿ ಗಂಟು ಮಾಡಿದ್ದರು. ಹಬೆ ತಗುಲಿದರೆ ಎಲ್ಲ ತುಕ್ಕು. ಮಾವ ಹೋಗಿ ಗಂಟಿನ ಮೇಲೆ ಕೂತುಬಿಟ್ಟರು.

"ಹೇಳ್ಲಾ ಮರಿಯ, ನಿನ್ ಫಾರಸೀಲಿ ಹೇಳು. ನನ್ನ ಬೇಯ್ಸಿದ್ರೂ ಸರಿ, ಇದ್ನ ಬೇಯ್ಸಾಕೆ ಬುಡಾಕಿಲ್ಲ ಅಂತ."

ನನಗೆ ಆ ಗಾಬರಿಯಲ್ಲಿ ಪೂರ್ತಿ ವಾಕ್ಯ ಎಂದು ನೆನಪಾದದ್ದು ಒಂದೇ. ಅದು ಮುನ್ಷಿ ಸಾಬರು ಫರ್ಮಾನಿನಿಂದ ಕಲಿಸಿದ್ದು: "ಹುಕ್ಮ್ ಅಸ್ತ್ ಕಿ ದಸ್ತ್ ನಜನಂದ್." ಯಾರೂ ಕೈ ಹಾಕಕೂಡದೆಂದು ಆಜ್ಞೆಯಾಗಿದೆ. ಅದನ್ನೇ ಗಟ್ಟಿಯಾಗಿ, ನಮ್ಮ ಅಮಲ್ದಾರರು ಜೋಡಿದಾರರನ್ನು ಗದರಿಸುವ ದನಿಯಲ್ಲಿ ಹೇಳಿದೆ. ಹಬೆಯವನು ಕೈ ಕಟ್ಟಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ಯಾರ ಆಜ್ಞೆ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಗಂಟಿಗೆ ಹೊರಗಿನಿಂದ ಸ್ವಲ್ಪ ಗಂಧಕದ ಹೊಗೆ ಹಾಕಿ ಬಿಟ್ಟರು.

ಊಟದ ವಿಷಯದಲ್ಲಿ ಆಜ್ಞೆ ನಡೆಯಲಿಲ್ಲ. ನಾವು ಲಿಂಗಾಯತರು, ಮಾಂಸ ಮುಟ್ಟುವುದಿಲ್ಲ. "ಗೋಶ್ತ್ ನಮೀಖುರಮ್" ಎಂದರೆ ಮಾಂಸ ತಿನ್ನುವುದಿಲ್ಲ ಎಂದು ಮುನ್ಷಿ ಸಾಬರು ಹೇಳಿಕೊಟ್ಟಿದ್ದನ್ನು ಅಡುಗೆಯವನಿಗೆ ಹೇಳಿದೆ. ಅವನಿಗೆ ಕನಿಕರವಾಯಿತು. ಕಾಯಿಲೆಯ ಜನ ಎಂದುಕೊಂಡು ಮಾಂಸವನ್ನೆಲ್ಲ ಸೋಸಿ ತೆಗೆದು ಬರೀ ರಸವನ್ನು ತಂದಿಟ್ಟ. ಅಲ್ಲಿಂದ ಮುಂದೆ ನಮ್ಮ ಆಹಾರ ರೊಟ್ಟಿ, ಮೊಸರು, ಖರ್ಜೂರ ಮತ್ತು ಊರಿನಿಂದ ಹೊತ್ತು ತಂದ ರಾಗಿ ಹಿಟ್ಟು.

ಬೆಟ್ಟದ ದಾರಿ

ಬುಶಹರಿನಿಂದ ಶೀರಾಜಿಗೆ ಗಾಡಿ ಹೋಗುವುದಿಲ್ಲ. ಹೇಸರಗತ್ತೆಗಳ ಸಾಲಿನಲ್ಲಿ ಹೋಗಬೇಕು. ನಮ್ಮ ಸಾಲಿನ ಯಜಮಾನ ಹಸನ್ ಎಂಬಾತ. ಎತ್ತರದ ಆಳು, ಪ್ರಾಣಿಗಳಿಗೆ ಬಯ್ಯುವಾಗ ಬಿಟ್ಟರೆ ಉಳಿದಂತೆ ತುಂಬ ಮರ್ಯಾದಸ್ಥ. ಕಬ್ಬಾಳುದುರ್ಗ ಹತ್ತಿದವನು ನಾನು, ಬೆಟ್ಟಕ್ಕೆ ಹೆದರುವವನಲ್ಲ ಎಂದುಕೊಂಡಿದ್ದೆ. ಆದರೆ ಕಬ್ಬಾಳುದುರ್ಗವನ್ನು ಹತ್ತುವುದು ನಮ್ಮ ಕಾಲಿನ ಮೇಲೆ. ಇಲ್ಲಿ ಹೇಸರಗತ್ತೆ ಪ್ರಪಾತದ ಅಂಚಿನಲ್ಲೇ ನಡೆಯುತ್ತದೆ, ಅಲ್ಲಿ ಏನೋ ಹುಲ್ಲು ಕಂಡರೆ ಕತ್ತು ಚಾಚಿ ಬಗ್ಗುತ್ತದೆ. ಮೇಲೆ ಕೂತವನ ಅಭಿಪ್ರಾಯ ಕೇಳುವುದಿಲ್ಲ.

ಮುನ್ಷಿ ಸಾಬರು ಮಂಜಿಲ್ ಎಂದು ಕಲಿಸಿದ್ದು ನಮ್ಮ ಮಜಲೇ. ದಿನಕ್ಕೊಂದು ಮಜಲು, ಮಜಲಿಗೊಂದು ಸರಾಯಿ, ಅಂದರೆ ದೊಡ್ಡ ಛತ್ರ. ನಾಲ್ಕು ಕಡೆ ಕೋಣೆ, ನಡುವೆ ಅಂಗಳ, ಅಂಗಳದಲ್ಲಿ ಪ್ರಾಣಿಗಳು. ಒಳಗೆ ಹೋದ ತಕ್ಷಣ ಗುರುತಿಲ್ಲದವರು ಕೂಡ "ಬಫರ್ಮಾಯೀದ್, ಬಫರ್ಮಾಯೀದ್" ಎಂದು ತಮ್ಮ ತಟ್ಟೆಯನ್ನೇ ನಮ್ಮ ಕಡೆ ತಳ್ಳುತ್ತಾರೆ. ಚಹಾ ಮಾರುವವನು ದುಡ್ಡು ಕೊಟ್ಟರೆ ಬೇಡ, ಬೇಡ ಎನ್ನುತ್ತಾನೆ. ಮೊದಲ ದಿನ ಮಾವ ಸಂತೋಷದಿಂದ ಕೈ ಮುಗಿದು ದುಡ್ಡನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು. ಚಹಾದವನು ನಮ್ಮ ಹಿಂದೆಯೇ ಹೇಸರಗತ್ತೆಯ ತನಕ ನಡೆದುಬಂದ, ಮುಖದಲ್ಲಿ ನಗು, ಬಾಯಲ್ಲಿ ಬೇಡ ಬೇಡ. ಮೂರು ಸಲ ಬೇಡ ಎನ್ನಿಸಿಕೊಂಡ ಮೇಲೆ ಕೊಡಬೇಕಂತೆ. ಹಸನ್ ಕೈಸನ್ನೆ ಮಾಡಿ ತಿಳಿಸಿದ. ಇದು ನಮಗೆ ಅರ್ಥವಾಗದ ವಿಷಯವೇನಲ್ಲ. ನಾವೂ ನೆಂಟರ ಮನೆಯಲ್ಲಿ ಹಸಿದಿದ್ದರೂ ಈಗ ತಾನೇ ಆಯಿತು ಎನ್ನುವವರೇ. ಆದರೆ ಅಂಗಡಿಯವನು ಹಾಗೆನ್ನುವುದನ್ನು ಚನ್ನಪಟ್ಟಣದಲ್ಲಿ ಕಂಡವರಿಲ್ಲ.

ಒಂದು ಸಂಜೆ ಮಾವ ಮೂರು ಕಲ್ಲು ಹೂಡಿ ಮುದ್ದೆ ಮಾಡಿದರು. ಸಾರಿನ ಬದಲು ಮೊಸರು, ಮೆಣಸು, ಉಪ್ಪು. ಅಂಗಳದಲ್ಲಿದ್ದವರೆಲ್ಲ ಆ ಕಪ್ಪು ಉಂಡೆಯನ್ನು ನೋಡಲು ಸುತ್ತ ನಿಂತರು. ಮಾವ ಒಂದು ತುತ್ತು ಮುರಿದು, ಅದ್ದಿ, ಅಗಿಯದೆ ನುಂಗಿದರು. ಎಲ್ಲರೂ ಉಸಿರು ಬಿಗಿಹಿಡಿದರು. ಎರಡನೆಯ ತುತ್ತು ಗಂಟಲಲ್ಲಿ ಇಳಿಯುವುದು ಹೊರಗಿನಿಂದಲೇ ಕಾಣಿಸಿತೋ ಏನೋ, ಒಬ್ಬ ಮುದುಕ ಓಡಿಬಂದು ಮಾವನ ಬೆನ್ನಿಗೆ ದಬದಬ ಗುದ್ದತೊಡಗಿದ. ಇನ್ನೊಬ್ಬ "ಆಬ್, ಆಬ್" ಎಂದು ನೀರು ತಂದ. ಗುದ್ದಿನ ರಭಸಕ್ಕೆ ಮೂರನೆಯ ತುತ್ತು ನಿಜವಾಗಿಯೂ ಸಿಕ್ಕಿಕೊಂಡಿತು.

"ಯಾವನ್ಲಾ ಅವ್ನು," ಎಂದರು ಮಾವ, ಕಣ್ಣಲ್ಲಿ ನೀರು ಸುರಿಸುತ್ತ. "ಉಣ್ಣಾಕೂ ಬುಡಾಕಿಲ್ವಾ?"

ಪ್ರಾಣ ಉಳಿಸಿದ್ದಕ್ಕೆ ಕೃತಜ್ಞತೆ ಹೇಳುತ್ತಿದ್ದಾರೆ ಎಂದು ನಾನು ಮುದುಕನಿಗೆ ಅರ್ಥ ಹೇಳಿದೆ. ಅವನು ಎದೆಯ ಮೇಲೆ ಕೈಯಿಟ್ಟು ತಲೆ ಬಗ್ಗಿಸಿದ.

ಕಾಜರೂನ್

ಇಲ್ಲಿಯವರೆಗೆ ನಮ್ಮ ಲೆಕ್ಕ ಸರಿಯಾಗಿತ್ತು. ನೌರೋಜ್ ಆಗಿ ಐದನೆಯ ದಿನ ಕಾಜರೂನಿನಲ್ಲಿದ್ದೆವು. ಒಂಬತ್ತನೆಯ ದಿನ ಶೀರಾಜಿನಲ್ಲಿರುತ್ತೇವೆ, ಉಸ್ತಾದರ ಜೊತೆ ಕೂತು ಮಾತಾಡುವುದಕ್ಕೆ ನಾಲ್ಕು ದಿನ ಸಿಗುತ್ತದೆ ಎಂದು ಮಾವ ಬೆರಳು ಮಡಿಸಿ ಹೇಳಿದ್ದರು.

ಬೆಳಗ್ಗೆ ಹಸನ್ ಪ್ರಾಣಿಗಳಿಗೆ ಹೊರೆ ಹೇರಿದ. ಸಾಲು ಹೊರಟಿತು. ಮಾವ ತಂತಿಯ ಗಂಟನ್ನು ಹೆಗಲಿಗೆ ಹಾಕಿಕೊಂಡು ಸರಾಯಿಯ ಬಾಗಿಲಿಗೆ ಬಂದರು. ಬಾಗಿಲು ಕಾಯುವವನು ಎದ್ದು ನಿಂತು ಆದರದಿಂದ "ಕುಜಾ?" ಎಂದ. ಎಲ್ಲಿಗೆ?

ಇದುವರೆಗಿನ ಮಜಲುಗಳಲ್ಲಿ ನಾನು ಹೇಗೋ ಮಾವನ ಮುಂದೆ ನಡೆದು ಈ ಮಾತನ್ನು ತಪ್ಪಿಸಿದ್ದೆ. ಇವತ್ತು ಚಪ್ಪಲಿಯ ಬಾರು ಕಟ್ಟಿಕೊಳ್ಳುತ್ತ ಹಿಂದೆ ಉಳಿದಿದ್ದೆ. ಮಾವ ತಿರುಗಿ ಕೋಣೆಗೆ ಹೋಗಿ, ಕೂತು, ಒಂದು ಲೋಟ ನೀರು ಕುಡಿದು ಮತ್ತೆ ಹೊರಟರು. ಈ ಸಲ ಚಹಾದವನು "ಕುಜಾ, ಕುಜಾ?" ಎಂದ. ಮಾವ ಮತ್ತೆ ಒಳಗೆ. ಮೂರನೆಯ ಸಲ ಬಾಗಿಲಿನವನಿಗೆ ಚಿಂತೆಯಾಗಿ, ಮುದುಕರಿಗೆ ಮೈ ಸರಿಯಿಲ್ಲವೋ ಏನೋ ಎಂದು ಹೆಗಲು ಮುಟ್ಟಿ ಮೆಲ್ಲಗೆ ಅದೇ ಮಾತನ್ನು ಕೇಳಿದ. ಹೊರಟವನು ಒಳಗೆ ಹೋಗುತ್ತಾನೆ, ಒಳಗೆ ಹೋದವನು ಮತ್ತೆ ಹೊರಡುತ್ತಾನೆ, ಇದೇನು ಎಂದು ನಾಲ್ಕಾರು ಜನ ಸೇರಿದರು. ಸೇರಿದವರೆಲ್ಲ ಕೇಳುವುದು ಒಂದೇ ಮಾತು.

"ಮಾವ, ಸಾಲು ಹೊಂಟೋಯ್ತು. ದಮ್ಮಯ್ಯ ಅಂತೀನಿ, ಬನ್ನಿ," ಎಂದೆ.

"ಬತ್ತೀನಿ ಇರ್ಲಾ. ಕುಲುಮೆ ಕೆಲ್ಸಕ್ಕೆ ಹೊಂಟೀವಿ. ಅಪಸಕುನದಾಗೆ ಹೆಜ್ಜೆ ಇಡು ಅಂತೀಯಾ?"

ಏಳನೆಯ ಸಲ ನೀರು ಕುಡಿದ ಮೇಲೆ ಯಾರೂ ಏನೂ ಕೇಳಲಿಲ್ಲ. ಆದರೆ ಅಷ್ಟು ನೀರು ಹೊಟ್ಟೆಗೆ ಹೋದ ಮೇಲೆ ಮಾವ ಗೋಡೆಯ ಹಿಂದೆ ಹೋಗಲೇಬೇಕಾಯಿತು. ಅವರು ಬರುವ ಹೊತ್ತಿಗೆ ಸಾಲಿನ ಗಂಟೆಯ ಸದ್ದೂ ಕೇಳುತ್ತಿರಲಿಲ್ಲ. ಮುಂದಿನ ಸಾಲು ನಾಲ್ಕು ದಿನದ ಮೇಲೆ ಎಂದರು.

ನನಗೆ ಬಂದ ಸಿಟ್ಟಿಗೆ ಆ ದಿನವೆಲ್ಲ ಮಾವನ ಜೊತೆ ಮಾತಾಡಲಿಲ್ಲ. ಮಾವನೂ ಸಪ್ಪಗೆ ಕೂತಿದ್ದರು, ಬೆರಳು ಮಡಿಸುವುದು, ಬಿಚ್ಚುವುದು. ಐದು, ಒಂಬತ್ತು, ಹದಿಮೂರು. ಎಷ್ಟು ಸಲ ಎಣಿಸಿದರೂ ಹದಿಮೂರೇ ಬರುತ್ತಿತ್ತು. ಅದು ಕೊನೆಯ ದಿನ.

ನಾಲ್ಕು ದಿನವಾದ ಮೇಲೆ ಹೊರಡುವಾಗ ನಾನೇ ಒಂದು ಉಪಾಯ ಮಾಡಿದೆ. ಮಾವನಿಗಿಂತ ಇಪ್ಪತ್ತು ಹೆಜ್ಜೆ ಮುಂದೆ ನಡೆಯುತ್ತ, ಕಂಡಕಂಡವರಿಗೆಲ್ಲ "ಶೀರಾಜ್, ಶೀರಾಜ್, ಶೀರಾಜ್" ಎಂದು ಕೂಗುತ್ತ ಹೋದೆ. ಕೇಳುವುದಕ್ಕೆ ಮೊದಲೇ ಉತ್ತರ ಸಿಕ್ಕಿದರೆ ಯಾರು ಕೇಳುತ್ತಾರೆ? ಯಾರೂ ಕೇಳಲಿಲ್ಲ. ಆದರೆ ಸಾಲಿನವರ ಕಡೆಯಿಂದ ಜನ ಕರೆಯುವ ಆಳು ನಾನು ಎಂದು ತಿಳಿದು ಇಬ್ಬರು ವರ್ತಕರೂ ಒಬ್ಬ ಮೌಲ್ವಿಯೂ ಮೂಟೆ ಹೊತ್ತು ನನ್ನ ಹಿಂದೆ ಬಂದರು.

ಶೀರಾಜ್, ಹದಿಮೂರನೆಯ ದಿನ

ಊರ ಬಾಗಿಲು ತೆರೆದಿತ್ತು. ಒಳಗೆ ಒಂದು ನರಪಿಳ್ಳೆಯಿಲ್ಲ.

ನಮ್ಮ ಯುಗಾದಿಯಲ್ಲಿ ಜನ ಮನೆಯಲ್ಲಿರುತ್ತಾರೆ, ನೆಂಟರು ಬರುತ್ತಾರೆ, ಬೀದಿ ತುಂಬಿರುತ್ತದೆ. ಇಲ್ಲಿ ಹಬ್ಬದ ಕೊನೆಯ ದಿನ ಎಲ್ಲ ಮನೆಗೂ ಬೀಗ. ಗೋಡೆಗಳೆಲ್ಲ ಆಗತಾನೇ ತೊಳೆದು ಬಳಿದ ಹಾಗಿವೆ. ಬಾಗಿಲುಗಳ ಮುಂದೆ ಏನೋ ಬೀಜ ಸುಟ್ಟ ಹೊಗೆಯ ವಾಸನೆ. ನೀರಿನ ಕಾಲುವೆಯಲ್ಲಿ ಮೊಳಕೆ ಬಂದ ಗೋಧಿಯ ಹಸಿರು ತಟ್ಟೆ ತಟ್ಟೆಯಾಗಿ ತೇಲಿಹೋಗುತ್ತಿತ್ತು. ಮಾವ ಹೇಸರಗತ್ತೆಯಿಂದ ಇಳಿದು ಒಂದೊಂದನ್ನೂ ನೋಡಿದರು. ಬೀಗ ನೋಡಿದರು, ಸುಣ್ಣ ನೋಡಿದರು, ಹೊಗೆ ಮೂಸಿದರು, ತೇಲುವ ಮೊಳಕೆ ನೋಡಿದರು. ರೋಗ ಬಂದಾಗ ಮಾರಿಯನ್ನು ಊರಾಚೆ ಕಳಿಸುವುದು ನಮ್ಮ ಕಡೆ ಹೀಗೆಯೇ.

"ಲೇ ಮರಿಯ. ಮಾರಿ ಸಾಗಿಸವ್ರೆ ಕಣ್ಲಾ."

ಬಾಗಿಲ ಪಕ್ಕ ಒಬ್ಬ ಮುದುಕ ಕಾವಲುಗಾರ ಕೂತಿದ್ದ. ಜನ ಎಲ್ಲಿ ಎಂದು ಕೇಳಿದೆ. ಅವನು ಊರಿನತ್ತ ಕೈಬೀಸಿ "ಖಾಲಿ" ಎಂದ. ಆಮೇಲೆ ತೋಟಗಳ ಕಡೆ ತೋರಿಸಿ "ಹಮಾ ಬೀರೂನ್" ಎಂದ. ಎಲ್ಲರೂ ಹೊರಗೆ. ಯಾಕೆ ಎಂದೆ. ಇವತ್ತಿನ ದಿನ ನಹ್ಸ್ ಎಂದ. ನಹ್ಸ್ ಎಂದರೆ ಕೆಟ್ಟದ್ದು, ಅಶುಭ ಎಂದು ಮುನ್ಷಿ ಸಾಬರು ಕಲಿಸಿದ್ದರು. ಒಂದೊಂದು ಶಬ್ದವೂ ನನಗೆ ಸ್ಪಷ್ಟವಾಗಿ ಅರ್ಥವಾಯಿತು. ಅಷ್ಟು ಚೆನ್ನಾಗಿ ಫಾರಸಿ ಅರ್ಥವಾದದ್ದು ಆ ಪ್ರಯಾಣದಲ್ಲಿ ಅದೇ ಮೊದಲು. ಮನೆಗಳಿಗೆ ಬೀಗ, ಊರೆಲ್ಲ ಹೊರಗೆ, ಅಶುಭ. ಚನ್ನಪಟ್ಟಣದವನಿಗೆ ಇನ್ನೇನು ಬೇಕು ತಿಳಿಯುವುದಕ್ಕೆ?

"ಪ್ಲೇಗು ಕ್ಯಾಂಪು ಹಾಕವ್ರೆ," ಎಂದರು ಮಾವ.

ಕಲ್ಲಿನ ಮೇಲೆ ಕೂತುಬಿಟ್ಟರು. ಅತ್ತೆಯನ್ನು ಕ್ಯಾಂಪಿನಿಂದ ಹೊತ್ತುಕೊಂಡು ಹೋದದ್ದು ಅವರ ಕಣ್ಣ ಮುಂದೆ ಬರುತ್ತಿದ್ದಿರಬೇಕು. ನಾನು ಹಿಂದಕ್ಕೆ ಹೋಗೋಣ ಎಂದೆ, ನಿಜವಾಗಿಯೇ ಎಂದೆ. ಅವರು ಆಗದೆಂದು ತಲೆಯಾಡಿಸಿದರು.

"ನಾಳೀಕೆ ಅವ್ನು ಹೊಂಟೋಯ್ತನೆ. ಇಷ್ಟು ದೂರ ಬಂದು ಬಾಗ್ಲಾಗೆ ಕೂತ್ರೆ ಆಯ್ತದಾ? ನೀನು ಇಲ್ಲೇ ಇರು. ನಾನೊಬ್ನೇ ಹೋಯ್ತೀನಿ."

ನಾನು ಅಲ್ಲಿ ಉಳಿಯಲಿಲ್ಲ ಎಂದು ಹೇಳಬೇಕಾಗಿಲ್ಲ. ಮಾವ ಚೀಲದಿಂದ ಕರ್ಪೂರ ತೆಗೆದು ಬಟ್ಟೆಯಲ್ಲಿ ಎರಡು ಗಂಟು ಕಟ್ಟಿ, ಒಂದನ್ನು ನನ್ನ ಕೊರಳಿಗೂ ಒಂದನ್ನು ತಮ್ಮ ಕೊರಳಿಗೂ ಹಾಕಿದರು. ಪಂಚೆಯ ಚುಂಗಿನಿಂದ ಮೂಗು ಕಟ್ಟಿಕೊಂಡೆವು. ಹಾಗೆ ಶೀರಾಜಿನ ಜನರನ್ನು ನೋಡಲು ಹೊರಟೆವು.

ತೋಟ

ಊರಾಚೆ ತೋಟಗಳ ತುಂಬ ಜನ. ಸೈಪ್ರಸ್ ಮರಗಳ ಕೆಳಗೆ ಜಮಖಾನ ಹಾಸಿಕೊಂಡು ಸಂಸಾರ ಸಂಸಾರವೇ ಕೂತಿತ್ತು. ನಮ್ಮ ಕ್ಯಾಂಪಿನಲ್ಲಿ ಇದ್ದಂತೆಯೇ ಒಲೆ, ಪಾತ್ರೆ, ಹಾಸಿಗೆ. ಮೂಗು ಕಟ್ಟಿದ ಇಬ್ಬರು ಕರ್ಪೂರದ ಗಂಟಿನವರು ನಡೆದು ಬರುವುದನ್ನು ಕಂಡು ಎಲ್ಲರೂ ಬಾಯಿಗೆ ಕೈಯಿಟ್ಟುಕೊಂಡರು. ಬನ್ನಿ, ಕೂತುಕೊಳ್ಳಿ ಎಂದು ಪ್ರತಿ ಜಮಖಾನದವರೂ ಕರೆದರು. ಅವರು ಒಂದು ಹಸಿ ಸೊಪ್ಪನ್ನು ಹುಳಿ ಸಿಹಿ ಪಾನಕದಲ್ಲಿ ಅದ್ದಿ ಅದ್ದಿ ತಿನ್ನುತ್ತಿದ್ದರು, ನಮಗೂ ಚಾಚಿದರು.

"ಅದೇ ಔಸ್ದಿ," ಎಂದರು ಮಾವ ಮೂಗಿನಿಂದಲೇ. "ಮುಟ್ಬ್ಯಾಡ. ಮನಸ್ನಾಗೆ ಸಿವ ಸಿವ ಅನ್ನು."

ಸ್ವಲ್ಪ ದೂರ ನಡೆದ ಮೇಲೆ ನನಗೆ ಅನುಮಾನ ಶುರುವಾಯಿತು. ಮರದಿಂದ ಮರಕ್ಕೆ ಹಗ್ಗ ಕಟ್ಟಿ ಹೆಂಗಸರು ಉಯ್ಯಾಲೆ ಆಡುತ್ತಿದ್ದರು. ಒಬ್ಬ ದಪ್ಪನೆಯ ಯಜಮಾನ ಕೋಳಿಯ ಹಾಗೆ ಕುಣಿದು ಮೊಮ್ಮಕ್ಕಳನ್ನು ನಗಿಸುತ್ತಿದ್ದ.

"ಮಾವ, ಪ್ಲೇಗಿನವರು ಉಯ್ಯಾಲೆ ಆಡ್ತಾರಾ?"

ಮಾವ ನಿಂತರು. ಉಯ್ಯಾಲೆಯನ್ನು ನೋಡಿದರು, ಕುಣಿಯುವವನನ್ನು ನೋಡಿದರು. "ಇವ್ರ್ಯಾರ್ಗೂ ಏನೂ ಆಗಿಲ್ವಲ್ಲೋ," ಎಂದರು, ಮೋಸ ಹೋದವರ ಹಾಗೆ. ಹಬ್ಬದ ಹದಿಮೂರನೆಯ ದಿನ ಮನೆಯೊಳಗಿದ್ದರೆ ಕೇಡು, ಅದಕ್ಕೆ ಊರಿಗೆ ಊರೇ ಬೀಗ ಹಾಕಿ ತೋಟದಲ್ಲಿ ಉಂಡು ನಲಿದು ಸಂಜೆಗೆ ಮರಳುವುದು ಅವರ ಪದ್ಧತಿ ಎಂದು ಪಕ್ಕದ ಜಮಖಾನದವನು ನಿಧಾನವಾಗಿ, ಕೈ ಬಾಯಿ ಎಲ್ಲ ಬಳಸಿ ತಿಳಿಸಿದ. ಇದನ್ನು ಕನ್ನಡದಲ್ಲಿ ಹೇಳಿದಾಗ ಮಾವನಿಗೆ ಆ ಜನದ ಮೇಲೆ ಮೊದಲ ಸಲ ಗೌರವ ಬಂತು. ಶಕುನ ನೋಡುವ ಜನ ಎಂದರೆ ನಂಬಬಹುದು ಎಂಬುದು ಅವರ ಅಭಿಪ್ರಾಯ.

ಮೂಗಿನ ಬಟ್ಟೆ ಬಿಚ್ಚುತ್ತಿದ್ದವರು ಹಾಗೇ ನಿಂತು ತಲೆ ಓರೆ ಮಾಡಿದರು. ದೂರದಲ್ಲಿ, ನೀರಿನ ಕಾಲುವೆಯ ಆಚೆ, ಯಾರೋ ವಾದ್ಯ ನುಡಿಸುತ್ತಿದ್ದರು.

"ನನ್ ತಂತಿ," ಎಂದರು ಮಾವ.

ಅಷ್ಟು ದೂರದಿಂದ ಹೇಗೆ ಗೊತ್ತಾಯಿತು ಎಂದು ನನ್ನನ್ನು ಕೇಳಬೇಡಿ. ಅವರು ಓಡಿದರು. ಅರವತ್ತರ ಹತ್ತಿರದ ಮನುಷ್ಯ, ಹೆಗಲ ಮೇಲೆ ಗಂಟು, ಜಮಖಾನಗಳನ್ನೂ ತಟ್ಟೆಗಳನ್ನೂ ದಾಟಿಕೊಂಡು ಓಡಿದರು. ನಾನು ಹಿಂದಿನಿಂದ ಎಲ್ಲರ ಕ್ಷಮೆ ಕೇಳುತ್ತ ಓಡಿದೆ.

ಮಲ್ಬರಿ ಮರದ ಕೆಳಗೆ ಕೂತಿದ್ದ ಉಸ್ತಾದ್ ಯೂಸುಫ್ ಮಾವನಷ್ಟೇ ವಯಸ್ಸಿನವರು, ಮಾವನಷ್ಟೇ ತೆಳ್ಳಗೆ. ನಾನು ಮುನ್ಷಿ ಸಾಬರು ಬಾಯಿಪಾಠ ಮಾಡಿಸಿದ್ದ ಉದ್ದನೆಯ ವಾಕ್ಯದಲ್ಲಿ ನಾವು ಯಾರೆಂದು ನಿವೇದಿಸಿದೆ. ಅವರು ಕಣ್ಣರಳಿಸಿ ಕೇಳಿದರು. ನಿನ್ನ ಮಾತು ಸತ್ತುಹೋದ ಬಾದಶಹನೊಬ್ಬ ಬರೆದ ಕಾಗದದ ಹಾಗಿದೆ, ನಮ್ಮ ಮುತ್ತಜ್ಜ ಕೇಳಿದ್ದರೆ ಅತ್ತುಬಿಡುತ್ತಿದ್ದ ಎಂದರು. ಆಮೇಲೆ ಮಾವನ ಎರಡು ಕೈಯನ್ನೂ ಹಿಡಿದು ಅಂಗೈ ತಿರುಗಿಸಿ ನೋಡಿದರು. ತಂತಿ ಎಳೆದೆಳೆದು ಅಲ್ಲಿ ಗೆರೆಗಳೆಲ್ಲ ಸವೆದು ಹೋಗಿವೆ. ಬೇರೆ ಪರಿಚಯ ಅವರಿಬ್ಬರಿಗೂ ಬೇಕಾಗಲಿಲ್ಲ.

ಗಂಟು ಬಿಚ್ಚಿದರು. ಉಸ್ತಾದ್ ಒಂದೊಂದು ಸುರುಳಿಯನ್ನೂ ತೆಗೆದು, ಎಳೆದು, ಹಲ್ಲಿನಲ್ಲಿ ಕಚ್ಚಿ ಬೆರಳಿನಿಂದ ಮೀಟಿ ಕೇಳಿದರು. ಮಾವ ಉಸಿರಾಡಿದ್ದನ್ನು ನಾನು ನೋಡಲಿಲ್ಲ. ಅರ್ಧ ಗಂಟೆಯಾದ ಮೇಲೆ ಉಸ್ತಾದ್ ಎಲ್ಲವನ್ನೂ ತಮ್ಮ ಕಡೆ ಎಳೆದುಕೊಂಡರು. ಒಂದನ್ನೂ ಬಿಡಲಿಲ್ಲ, ಚೌಕಾಸಿಯ ಮಾತೇ ಎತ್ತಲಿಲ್ಲ.

"ಕೇಳ್ಲಾ," ಎಂದರು ಮಾವ. "ಬರೋ ವರ್ಸಕ್ಕೆ ಎಷ್ಟು ಬೇಕು ಅಂತ ಕೇಳು."

ಕೇಳಿದೆ. ಉಸ್ತಾದ್ ನಕ್ಕರು. ಪಕ್ಕದಲ್ಲಿದ್ದ ಸಂತೂರನ್ನು ಮಾವನ ಮುಂದೆ ಸರಿಸಿ, ಇದಕ್ಕೆ ಹಾಕಿರುವುದು ನಿಮ್ಮ ಮೊದಲ ಸುರುಳಿ, ಎರಡು ವರ್ಷದಿಂದ ದಿನವೂ ನುಡಿಸುತ್ತಿದ್ದೇನೆ ಎಂದರು. ಇನ್ನೂ ಒಂದೂ ಕಿತ್ತುಹೋಗಿಲ್ಲ. ಈಗ ತಂದಿರುವುದು ನನ್ನ ಆಯುಷ್ಯಕ್ಕೂ ಸಾಕು, ನನ್ನ ಮಗನ ಆಯುಷ್ಯಕ್ಕೂ ಸಾಕು. ಬರುವ ವರ್ಷ ಯಾಕೆ? ನೀವಿನ್ನು ಈ ವಯಸ್ಸಿನಲ್ಲಿ ಬೆಟ್ಟ ಹತ್ತುವ ಕಷ್ಟ ಪಡಬೇಡಿ. ಅವರು ಹೊಗಳಿದ್ದು, ಮನಸಾರೆ ಹೊಗಳಿದ್ದು.

ಮಾವ ನನ್ನ ಮುಖವನ್ನೇ ನೋಡುತ್ತಿದ್ದರು. ಸುಳ್ಳು ಹೇಳಿಬಿಡೋಣವೇ ಎಂದು ಒಂದು ಗಳಿಗೆ ಅನ್ನಿಸಿತು. ಹೇಳಲಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಮಾವ ಸಂತೂರಿನ ಮೇಲೆ ಕೈಯಾಡಿಸಿದರು.

"ಒಂದೂ ಕಿತ್ತಿಲ್ವಂತಾ?"

"ಒಂದೂ ಇಲ್ಲ ಮಾವ."

"ಇನ್ನೊಂದ್ ಕಿತ ಕೇಳು."

ಮತ್ತೆ ಕೇಳಿದೆ. ಉಸ್ತಾದ್ ಮತ್ತೆ ಹೇಳಿದರು. ಮಾವ ತಲೆಯಾಡಿಸುತ್ತ, ಜಮಖಾನದ ಮೇಲಿದ್ದ ಸೊಪ್ಪೊಂದನ್ನು ಎತ್ತಿಕೊಂಡು ಪಾನಕದಲ್ಲಿ ಅದ್ದಿ ತಿಂದರು. ಸಂಜೆಯ ತನಕ ಕೂತು ಕೇಳಿದರು. ಉಸ್ತಾದ್ ನುಡಿಸಿದ್ದೆಲ್ಲ ಮಾವನಿಗಾಗಿಯೇ.

ಜನ ಊರಿಗೆ ಮರಳುವಾಗ ನಾವೂ ಎದ್ದೆವು. ಖಾಲಿ ಕಂಬಳಿಯನ್ನು ಮಾವ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಿದ್ದರು.

"ಬೆಂಗ್ಳೂರ್ ಅಂಗ್ಡಿಯೋನು ಹೋದ್ ವರ್ಸಾನೇ ಹೇಳಿದ್ದ ಕಣ್ಲಾ," ಎಂದರು ದಾರಿಯಲ್ಲಿ. "ರುದ್ರಪ್ಪಾ, ಒಸಿ ಬೇಗ ಕಿತ್ತೋಗೋ ಅಂಗೆ ಎಳಿ, ಎಷ್ಟಾದ್ರೂ ತಗೋತೀನಿ ಅಂತ."

"ನೀವೇನಂದ್ರಿ?"

"ಆಯ್ತು ಅಂದೆ. ಒಟ್ಟೆ ಪಾಡಲ್ವಾ? ಎಲ್ಡು ದಿನ ಬಾಗ್ಲಾಕ್ಕಂಡು ಕೂತು ಎಳ್ದು ನೋಡ್ದೆ." ಮಾವ ತಮ್ಮ ಅಂಗೈಯನ್ನು ನೋಡಿಕೊಂಡರು. "ಕೈಗೆ ಬರ್ಲಿಲ್ಲ ಕಣ್ಲಾ ಮರಿಯ."